ಈಗ ಎಲ್ಲಿ ಇಳೀತೀಯಾ?

ಹೋದ ವಾರ ಈ ಅಂಕಣ ಬರೀಲಿಕ್ಕೆ ಆಗ್ಲಿಲ್ಲ, ಕ್ಷಮೆ ಇರಲಿ. ಸಾಮಾನ್ಯವಾಗಿ ಶನಿವಾರ ಸಂಜೆ ಕಾಫಿ ಲೋಟ ಹಿಡ್ಕೊಂಡು ಬರೆಯೋಕೆ ಕೂರೋನು ನಾನು. ಆ ಶನಿವಾರ ಸಂಜೆ ಮಾತ್ರ ಬ್ರಿಡ್ಜ್‌ಪೋರ್ಟ್ ಅನ್ನೋ ಪುಟ್ಟ ಊರಿನ ಖಾಲಿ ರನ್‌ವೇ ಪಕ್ಕ, ಇಂಜಿನ್ ಇಲ್ಲದ ವಿಮಾನವೊಂದರ ರೆಕ್ಕೆ ಕೆಳಗೆ ಕೂತು, ನಮ್ಮನ್ನ ಕರ್ಕೊಂಡು ಹೋಗೋ ಗಾಡಿಗೆ ಕಾಯ್ತಾ ಇದ್ದೆ. ಹೋಗಬೇಕು ಅಂದ್ಕೊಂಡಿದ್ದ ಜಾಗಕ್ಕೆ ಹೋಗಿರ್ಲಿಲ್ಲ, ಹೊರಟ ಜಾಗಕ್ಕೆ ವಾಪಸ್ಸೂ ಬಂದಿರ್ಲಿಲ್ಲ.

ಮೊದಲಿಂದ ಹೇಳ್ತೀನಿ ಇರಿ.

ಡ್ಯಾನ್‌ವಿಲ್‌ನಲ್ಲಿ ನಮ್ಮ ಮನೆ ಹಿಂದಿನ ಬಾಗಿಲು ತೆಗೆದ್ರೆ ಮೌಂಟ್ ಡಯಾಬ್ಲೋ ಕಾಣುತ್ತೆ. 3,849 ಅಡಿ, ಅಂದ್ರೆ ನಮ್ಮ ಕೊಡಚಾದ್ರಿಗಿಂತ ಕುಳ್ಳ. ಬೇಸಿಗೆಯಲ್ಲಿ ಹುಲ್ಲೆಲ್ಲ ಒಣಗಿ ಬೆಟ್ಟ ರಾಗಿ ಹುರಿದ ಬಣ್ಣಕ್ಕೆ ತಿರುಗಿರುತ್ತೆ. ಮಧ್ಯಾಹ್ನ ಹನ್ನೆರಡರ ಮೇಲೆ ಅದರ ಇಳಿಜಾರಿನ ಮೇಲೆ ರಣಹದ್ದುಗಳು ಸುತ್ತು ಹಾಕ್ತಾ ಇರ್ತವೆ. ರೆಕ್ಕೆ ಬಡಿಯೋದಿಲ್ಲ. ಸುಮ್ಮನೆ ಚಾಚ್ಕೊಂಡು ಸುತ್ತು, ಸುತ್ತು, ಸುತ್ತು... ನೋಡ್ತಾ ನೋಡ್ತಾ ಚುಕ್ಕೆ ಆಗಿ ಹೋಗ್ತವೆ. ತೀರ್ಥಹಳ್ಳಿಯಲ್ಲಿ ಚಿಕ್ಕವನಿದ್ದಾಗ ತುಂಗೆಯ ಮೇಲೆ ಗರುಡ ಹೀಗೇ ಸುತ್ತೋದನ್ನ ನೋಡಿ "ಅದಕ್ಕೆ ಸುಸ್ತಾಗಲ್ವಾ?" ಅಂತ ಅಜ್ಜನ್ನ ಕೇಳಿದ್ದೆ. "ಅದು ಹಾರ್ತಾ ಇಲ್ವೋ ಮಾರಾಯ, ಗಾಳಿ ಅದನ್ನ ಎತ್ತಿಟ್ಟಿದೆ" ಅಂದಿದ್ರು ಅಜ್ಜ. ಇಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ಇದಕ್ಕಿಂತ ಸರಿಯಾದ ಉತ್ತರ ನನಗೆ ಯಾರೂ ಕೊಡಲಿಲ್ಲ.

ನಮ್ಮನೆಯಿಂದ ಮುಕ್ಕಾಲು ಗಂಟೆ ದೂರದಲ್ಲಿ ಬೈರನ್ ಅಂತ ಒಂದು ಸಣ್ಣ ವಿಮಾನ ನಿಲ್ದಾಣ ಇದೆ. ಅಲ್ಲಿ ಗ್ಲೈಡರ್ ಹಾರಿಸೋರು ಇದ್ದಾರೆ ಅಂತ ಗೊತ್ತಾಗಿ ಎರಡು ವರ್ಷದ ಹಿಂದೆ ಒಂದು ಭಾನುವಾರ ಸುಮ್ಮನೆ ನೋಡೋಕೆ ಹೋದೆ. ಸುಮ್ಮನೆ ನೋಡೋಕೆ ಹೋಗೋದು ಎಷ್ಟು ಅಪಾಯ ಅಂತ ಈಗ ಗೊತ್ತಾಗಿದೆ. ನನ್ನ ವಾರಾಂತ್ಯ, ನನ್ನ ಸಂಬಳದ ಒಂದು ಭಾಗ, ಎರಡೂ ಅಲ್ಲೇ ಹೋಗ್ತಿವೆ. ಅಮ್ಮನಿಗೆ ಮಾತ್ರ ಹೇಳಿರ್ಲಿಲ್ಲ.

ಅಲ್ಲೇ ಸಿಕ್ಕಿದ್ದು ನಮ್ಮ ತಾತ. ಹೆಸರು ಬೇಡ, ನಾನು ಮನಸ್ಸಲ್ಲೇ ತಾತ ಅಂತ ಕರೀತೀನಿ. ಎಪ್ಪತ್ತು ದಾಟಿದ ನಿವೃತ್ತ ಸಿವಿಲ್ ಇಂಜಿನಿಯರ್. ಮಾತು ಕಮ್ಮಿ. ಹಿಂದಿನ ಸೀಟಲ್ಲಿ ಕೂತು ಹತ್ತು ನಿಮಿಷಕ್ಕೊಂದು ಸಲ ಒಂದೇ ಪ್ರಶ್ನೆ ಕೇಳ್ತಾರೆ: "ಈಗ ಎಲ್ಲಿ ಇಳೀತೀಯಾ?" ಉತ್ತರ ತಕ್ಷಣ ಬರಬೇಕು. ಯಾವ ಜಾಗ, ಎಷ್ಟು ದೂರ, ಅದರ ಎತ್ತರ ಎಷ್ಟು, ನನ್ನ ಹತ್ರ ಎಷ್ಟು ಉಳಿದಿದೆ. ಮೊದಮೊದಲು ಈ ಪ್ರಶ್ನೆ ಕೇಳಿದ್ರೆ ರೇಗ್ತಿತ್ತು. ಮೇಲೆ ಮೋಡ ನೋಡ್ಕೊಂಡು ಆರಾಮಾಗಿದ್ದೀನಿ, ಇಳಿಯೋ ಮಾತು ಯಾಕೆ ಈಗ ಅಂತ.

ಈ ಜುಲೈನಲ್ಲಿ ತಾತ ತಾವಾಗೇ ಕರೆದ್ರು. ನೆವಾಡಾದ ಮಿಂಡೆನ್‌ನಿಂದ ಹೊರಟು ದಕ್ಷಿಣಕ್ಕೆ ಸಿಯೆರಾ ನೆವಾಡಾ ಪರ್ವತಗಳ ಪೂರ್ವ ಪಕ್ಕದಲ್ಲೇ ಹೋಗಿ, ವೈಟ್ ಮೌಂಟನ್ ಶಿಖರ ಮುಟ್ಟಿ ವಾಪಸ್ ಬರೋದು. ಹೋಗಿ ಬರೋಕೆ ಸುಮಾರು 400 ಕಿಲೋಮೀಟರ್. ಅಂದ್ರೆ ಬೆಂಗಳೂರಿಂದ ಶಿವಮೊಗ್ಗ ದಾಟಿ ಆಗುಂಬೆ ಹತ್ರ ಹತ್ರ ಹೋಗೋವಷ್ಟು ರಸ್ತೆ, ಅದೂ ಒಂದು ತೊಟ್ಟು ಪೆಟ್ರೋಲ್ ಇಲ್ಲದೆ. ಶಿಖರದ ಎತ್ತರ 14,252 ಅಡಿ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಜಾಸ್ತಿ.

ಡ್ಯಾನ್‌ವಿಲ್‌ನಿಂದ ಬೆಳಗಿನ ಜಾವ ಐದಕ್ಕೇ ಹೊರಟೆವು. ಜೊತೆಗೆ ನನ್ನ ರೂಮ್‌ಮೇಟ್, ಹಾಸನದವ. ಅವನಿಗೆ ಹಾರೋದ್ರಲ್ಲಿ ಎಳ್ಳಷ್ಟೂ ಆಸಕ್ತಿ ಇಲ್ಲ. ಲೇಕ್ ಟಾಹೋ ನೋಡಬಹುದಲ್ಲ ಅಂತ ಬಂದ, ದೊಡ್ಡ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಕೊಂಡು. ಸ್ಯಾಕ್ರಮೆಂಟೋ ದಾಟಿ, ಟಾಹೋ ಕಡೆಯಿಂದ ಕಿಂಗ್ಸ್‌ಬರಿ ಘಾಟಿ ಇಳಿದ್ರೆ ಒಂದೇ ಸಲಕ್ಕೆ ದೇಶ ಬದಲಾಗುತ್ತೆ. ಹತ್ತೋವಾಗ ದೊಡ್ಡ ದೊಡ್ಡ ಪೈನ್ ಮರ, ಇಳಿಯೋವಾಗ ಬರೀ ಕುರುಚಲು, ಧೂಳು. ಮಲೆನಾಡು ಮುಗಿದು ಬಯಲುಸೀಮೆ ಶುರುವಾದ ಹಾಗೆ. ಕಾರಣವೂ ಅದೇ ನೋಡಿ: ಸಮುದ್ರದಿಂದ ಬರೋ ಮೋಡ ಆಗುಂಬೆಯಲ್ಲಿ ಸುರಿದು ಚಿತ್ರದುರ್ಗಕ್ಕೆ ಬರೋ ಹೊತ್ತಿಗೆ ಖಾಲಿ. ಇಲ್ಲೂ ಪೆಸಿಫಿಕ್‌ನ ಮೋಡ ಸಿಯೆರಾದ ಪಶ್ಚಿಮಕ್ಕೆ ಹಿಮ ಸುರಿಸಿ ನೆವಾಡಾಕ್ಕೆ ಒಣಗಾಳಿ ಕಳಿಸುತ್ತೆ. ಗ್ಲೈಡರ್ ಹಾರಿಸೋರಿಗೆ ಈ ಬರಗಾಲವೇ ಭಾಗ್ಯ. ಒಣ ನೆಲ ಬೇಗ ಕಾಯುತ್ತೆ, ಕಾದ ನೆಲದಿಂದ ಬಿಸಿಗಾಳಿಯ ಕಂಬ ಏಳುತ್ತೆ. ಅದಕ್ಕೇ ಥರ್ಮಲ್ ಅನ್ನೋದು. ಆ ಕಂಬದೊಳಗೆ ಸುತ್ತು ಹಾಕ್ತಾ ಮೇಲೇರಬೇಕು, ಮೇಲಿಂದ ಜಾರ್ತಾ ಮುಂದಿನ ಕಂಬ ಹುಡುಕಬೇಕು. ಆಟ ಅಷ್ಟೇ.

ನಮ್ಮದು ಡುವೋ ಡಿಸ್ಕಸ್ ಅನ್ನೋ ಎರಡು ಸೀಟಿನ ಗ್ಲೈಡರ್. ರೆಕ್ಕೆ ಈ ತುದಿಯಿಂದ ಆ ತುದಿಗೆ 20 ಮೀಟರ್. ನಿಶ್ಚಲ ಗಾಳಿಯಲ್ಲಿ ಒಂದು ಅಡಿ ಇಳಿಯೋ ಹೊತ್ತಿಗೆ ಸುಮಾರು 45 ಅಡಿ ಮುಂದೆ ಹೋಗುತ್ತೆ. ಕಂಪ್ಯೂಟರ್, ಜಿಪಿಎಸ್, ಟ್ರಾನ್ಸ್‌ಪಾಂಡರ್ ಎಲ್ಲ ಇದೆ. ಆದ್ರೂ ಎಲ್ಲಕ್ಕಿಂತ ಮುಖ್ಯವಾದ ಉಪಕರಣ ಎದುರಿನ ಗಾಜಿನ ಮೇಲೆ ಅಂಟಿಸಿರೋ ನಾಲ್ಕಿಂಚಿನ ಉಣ್ಣೆ ದಾರ. ವಿಮಾನ ನೆಟ್ಟಗೆ ಹೋಗ್ತಿದ್ರೆ ದಾರ ನೆಟ್ಟಗೆ. ಅಡ್ಡಡ್ಡ ಹೋಗ್ತಿದ್ರೆ ದಾರ ಪಕ್ಕಕ್ಕೆ. ಬ್ಯಾಟರಿ ಬೇಡ, ಅಪ್‌ಡೇಟ್ ಬೇಡ.

ಹನ್ನೆರಡೂಕಾಲಿಗೆ ಎಳೆಯೋ ವಿಮಾನ ನಮ್ಮನ್ನ ಹಗ್ಗ ಕಟ್ಟಿ ಪೈನ್ ನಟ್ ಬೆಟ್ಟಗಳ ಮೇಲಕ್ಕೆ ತಗೊಂಡು ಹೋಯ್ತು. ಹಳದಿ ಗುಂಡಿ ಎಳೆದೆ, ಹಗ್ಗ ಬಿಟ್ಟುಹೋಯ್ತು. ಆಮೇಲೆ ಬರೋ ಆ ಮೌನ... ಸಂಪೂರ್ಣ ಮೌನ ಏನಲ್ಲ, ಗಾಳಿಯ ಸೊಂಯ್ ಅನ್ನೋ ಸದ್ದು, ಮತ್ತೆ ವೇರಿಯೋಮೀಟರ್‌ನ ಬೀಪ್. ಏರ್ತಿದ್ರೆ ಚಿಲಿಪಿಲಿ ಅನ್ನುತ್ತೆ, ಇಳೀತಿದ್ರೆ ಅಳೋ ಮಗು ಥರ ರಾಗ ಎಳೆಯುತ್ತೆ. ಆ ದಿನ ಬಹಳ ಹೊತ್ತು ಚಿಲಿಪಿಲಿನೇ. ಒಂದೂವರೆ ಗಂಟೆ ಹೊತ್ತಿಗೆ ಮೂಗಿಗೆ ಆಕ್ಸಿಜನ್ ನಳಿಗೆ ಹಾಕ್ಕೊಂಡು 15,500 ಅಡಿಯಲ್ಲಿದ್ದೆವು. ಹದಿನೆಂಟು ಸಾವಿರದ ಮೇಲೆ ದೊಡ್ಡ ವಿಮಾನಗಳ ರಾಜ್ಯ, ಅಪ್ಪಣೆ ಇಲ್ಲದೆ ಹೋಗೋ ಹಾಗಿಲ್ಲ.

ಅದರ ಕೆಳಗೂ ನಾವೊಬ್ಬರೇ ಅಲ್ಲ. 2006ರ ಆಗಸ್ಟ್ 28ರಂದು ಇದೇ ಸ್ಮಿತ್ ಕಣಿವೆಯ ಆಸುಪಾಸಿನಲ್ಲಿ, 16,000 ಅಡಿಯಲ್ಲಿ, ಹಾಕರ್ ಜೆಟ್ ಒಂದು ಗ್ಲೈಡರ್‌ಗೆ ಡಿಕ್ಕಿ ಹೊಡೆದಿತ್ತು. ಗ್ಲೈಡರ್‌ನವರು ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿದ್ರು. ಮೂತಿ ಜಜ್ಜಿಹೋದ ಜೆಟ್ ಕಾರ್ಸನ್ ಸಿಟಿಯಲ್ಲಿ ಚಕ್ರ ಬಿಚ್ಚದೆ ಹೊಟ್ಟೆ ಮೇಲೆ ಇಳೀತು. ಯಾರೂ ಸಾಯಲಿಲ್ಲ, ಅದೇ ಪವಾಡ. ಗ್ಲೈಡರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು, ಬ್ಯಾಟರಿ ಉಳಿಸೋಕೆ ಆಫ್ ಮಾಡಿದ್ರು. ತಾತ ಈಗ್ಲೂ ಹೊರಡೋ ಮುಂಚೆ ಎರಡು ಸಲ ಬ್ಯಾಟರಿ ನೋಡ್ತಾರೆ.

ಸ್ವೀಟ್‌ವಾಟರ್ ಬೆಟ್ಟಗಳ ಮೇಲೆ ಬಂದಾಗ ತಾತ ಎಡಗಡೆ ಕೆಳಗೆ ತೋರಿಸಿ "ಫ್ಲೈಯಿಂಗ್ ಎಂ ರ್‍ಯಾಂಚ್" ಅಂದ್ರು. ಆಮೇಲೆ ಬಲಗಡೆ ದೂರದಲ್ಲಿ, ಮ್ಯಾಮತ್ ಲೇಕ್ಸ್ ಕಡೆ, ಹಲ್ಲು ಕಿರಿದ ಹಾಗಿದ್ದ ಸಿಯೆರಾ ಶಿಖರಗಳನ್ನ ತೋರಿಸಿದ್ರು. ಮತ್ತೇನೂ ಹೇಳಲಿಲ್ಲ. ಹೇಳೋದು ಬೇಕಿರಲಿಲ್ಲ, ಈ ಆಟ ಆಡೋ ಎಲ್ಲರಿಗೂ ಆ ಕತೆ ಗೊತ್ತು. ನಿಮಗೆ ಹೇಳಬೇಕು.

ಸ್ಟೀವ್ ಫಾಸೆಟ್ ಹೆಸರು ಕೇಳಿರ್ತೀರಿ. ಬಲೂನಿನಲ್ಲಿ ಒಬ್ಬನೇ ಭೂಮಿ ಸುತ್ತಿದವನು. ಮೇಲೆ ಹೇಳಿದ ಡಿಕ್ಕಿ ಆಯ್ತಲ್ಲ, ಅದೇ 2006ರ ಅದೇ ವಾರದಲ್ಲಿ ಅವನು ಐನಾರ್ ಎನೆವೋಲ್ಡ್‌ಸನ್ ಜೊತೆ ಅರ್ಜೆಂಟೀನಾದ ಎಲ್ ಕಲಫಾತೆಯಿಂದ ಗ್ಲೈಡರ್‌ನಲ್ಲಿ 50,000 ಅಡಿ ದಾಟಿ ದಾಖಲೆ ಮಾಡಿದ. ಥರ್ಮಲ್‌ನಲ್ಲಿ ಅಲ್ಲ, ಅಷ್ಟು ಎತ್ತರಕ್ಕೆ ಥರ್ಮಲ್ ಹೋಗೋದಿಲ್ಲ. ಅದು ಪರ್ವತದ ಅಲೆ. ಹೊಳೆಯಲ್ಲಿ ಬಂಡೆ ಮೇಲೆ ಹರಿದ ನೀರು ಆಚೆ ಬದಿ ಧುಮುಕಿ, ಮತ್ತೆ ಎದ್ದು, ಮತ್ತೆ ಬಿದ್ದು ಹೋಗುತ್ತಲ್ಲ, ಹಾಗೇ ಜೋರುಗಾಳಿ ಪರ್ವತಸಾಲು ದಾಟಿದ್ಮೇಲೆ ಅಲೆಅಲೆಯಾಗಿ ಹರಿಯುತ್ತೆ. ಏಳೋ ಅಲೆಯಲ್ಲಿ ಗ್ಲೈಡರ್ ನಿಲ್ಲಿಸಿದ್ರೆ ಅದು ಎತ್ತುತ್ತಲೇ ಇರುತ್ತೆ. ಈ ಅಲೆಯ ಶಾಸ್ತ್ರ ಬರೆದಿದ್ದರಲ್ಲಿ ದೊಡ್ಡ ಪಾಲು ಇದೇ ಸಿಯೆರಾದ ನೆರಳಲ್ಲಿ. 1951-52ರಲ್ಲಿ ಬಿಷಪ್ ಊರಲ್ಲಿ ವಿಜ್ಞಾನಿಗಳೂ ಗ್ಲೈಡರ್ ಹುಡುಗರೂ ಸೇರಿ ಸಿಯೆರಾ ವೇವ್ ಪ್ರಾಜೆಕ್ಟ್ ಮಾಡಿದ್ರು. 1952ರ ಮಾರ್ಚ್‌ನಲ್ಲಿ ಲ್ಯಾರಿ ಎಡ್ಗರ್ ಮತ್ತು ಹೆರಾಲ್ಡ್ ಕ್ಲೀಫೋರ್ತ್ 44,255 ಅಡಿಗೆ ಹೋದ್ರು. ಮೂರು ವರ್ಷ ಆದ್ಮೇಲೆ ಅದೇ ಎಡ್ಗರ್ ಅಲೆಯ ಕೆಳಗಿರೋ ಸುಳಿಗಾಳಿಗೆ ಸಿಕ್ಕು, ವಿಮಾನ ಆಕಾಶದಲ್ಲೇ ಚೂರಾಗಿ, ಪ್ಯಾರಾಚೂಟಿನಿಂದ ಉಳ್ಕೊಂಡ್ರು. ಎತ್ತೋ ಗಾಳಿ, ಮುರಿಯೋ ಗಾಳಿ ಎರಡೂ ಅಕ್ಕಪಕ್ಕದ ಮನೆಯಲ್ಲೇ ಇರೋದು.

ಫಾಸೆಟ್ ಕತೆಗೆ ಬರ್ತೀನಿ. ದಾಖಲೆ ಮಾಡಿ ವರ್ಷ ಕಳೆದಿತ್ತಷ್ಟೇ. 2007ರ ಸೆಪ್ಟೆಂಬರ್ 3ರ ಬೆಳಗ್ಗೆ, ಆಗ ಬ್ಯಾರನ್ ಹಿಲ್ಟನ್ ಅವರದಾಗಿದ್ದ ಫ್ಲೈಯಿಂಗ್ ಎಂ ರ್‍ಯಾಂಚಿನಿಂದ ಒಂದು ಪುಟ್ಟ ವಿಮಾನ ತಗೊಂಡು ಸುಮ್ಮನೆ ಸುತ್ತಾಡ್ಕೊಂಡು ಬರ್ತೀನಿ ಅಂತ ಹೊರಟ. ಇಂಜಿನ್ ಇರೋ ವಿಮಾನ. ವಾಪಸ್ ಬರಲಿಲ್ಲ. ಎಷ್ಟು ಹುಡುಕಿದ್ರು ಅಂತೀರಿ! ಸಾವಿರಾರು ಜನ ಮನೆಯಲ್ಲೇ ಕೂತು ಇಂಟರ್‌ನೆಟ್‌ನಲ್ಲಿ ಉಪಗ್ರಹ ಚಿತ್ರಗಳನ್ನ ಚೌಕ ಚೌಕವಾಗಿ ಜಾಲಾಡಿದ್ರು. ಸಿಗಲಿಲ್ಲ. ಒಂದು ವರ್ಷದ ಮೇಲೆ ಮ್ಯಾಮತ್ ಲೇಕ್ಸ್ ಹತ್ರ ಚಾರಣ ಹೋದವರೊಬ್ಬರಿಗೆ ಅವನ ಗುರುತಿನ ಚೀಟಿ ಸಿಕ್ತು, ಆಮೇಲೆ ಅವಶೇಷ. ತನಿಖೆ ಮಾಡಿದವರು ಬರೆದ ಕಾರಣ ಒಂದೇ ಸಾಲು: ವಿಮಾನಕ್ಕೆ ಏರೋಕೆ ಇದ್ದ ಶಕ್ತಿಗಿಂತ ಕೆಳಗೆ ತಳ್ಳೋ ಗಾಳಿಯ ಶಕ್ತಿ ಜಾಸ್ತಿ ಇತ್ತು. ಬೆಟ್ಟದ ಗಾಳಿ ಹಿಡ್ಕೊಂಡು ಐವತ್ತು ಸಾವಿರ ಅಡಿಗೆ ಹೋಗಿ ಬಂದವನು, ಹತ್ತು ಸಾವಿರ ಅಡಿಯ ಬೆಟ್ಟದ ಪಕ್ಕ, ಅದೂ ಇಂಜಿನ್ ಇಟ್ಕೊಂಡು.

(ಆ ಎತ್ತರದ ದಾಖಲೆ ಈಗ ಅವನದ್ದಲ್ಲ. ಎನೆವೋಲ್ಡ್‌ಸನ್ ಶುರು ಮಾಡಿದ ಪೆರ್ಲಾನ್ ತಂಡದವರೇ 2018ರ ಸೆಪ್ಟೆಂಬರ್‌ನಲ್ಲಿ 76,000 ಅಡಿಗೆ ಹೋದ್ರು. ಆ ಗ್ಲೈಡರ್‌ನ ಎಷ್ಟೋ ಪರೀಕ್ಷಾ ಹಾರಾಟ ನಡೆದಿದ್ದು ನಾವು ಹೊರಟ ಅದೇ ಮಿಂಡೆನ್‌ನಿಂದ. ಇನ್ನು ನಮ್ಮವರೂ ಕಮ್ಮಿ ಇಲ್ಲ: ಬೆಂಗಳೂರಿನ ಎಚ್‌ಎಎಲ್ ಸ್ವಂತವಾಗಿ ವಿನ್ಯಾಸ ಮಾಡಿ 1941ರಲ್ಲಿ ಹಾರಿಸಿದ ಮೊದಲ ವಿಮಾನ ಇಂಜಿನ್ ಇಲ್ಲದ್ದೇ. ಡಾ. ವಿ. ಎಂ. ಘಾಟಗೆ ಮಾಡಿದ ಹತ್ತು ಸೀಟಿನ ಜಿ-1 ಗ್ಲೈಡರ್. ಎಚ್‌ಎಎಲ್ ಗೇಟಿನ ಮುಂದೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ನೆನಪು ಮಾಡ್ಕೊಳ್ಳಿ.)

ಸರಿ, ನಮ್ಮ ವಿಮಾನಕ್ಕೆ ವಾಪಸ್. ಬೋಡಿ ಅನ್ನೋ ಪಾಳು ಊರಿನ ಗುಡ್ಡಗಳ ಮೇಲೆ ಮತ್ತೆ ಏರಿ ಮುಂದೆ ಹೊರಟೆವು. ಬಲಗಡೆ ಮೋನೋ ಸರೋವರ ತಟ್ಟೆಯಲ್ಲಿ ಹಾಕಿಟ್ಟ ಹಾಗೆ. ಎದುರಿಗೆ ವೈಟ್ ಮೌಂಟನ್ಸ್, ಹೆಸರಿಗೆ ತಕ್ಕ ಹಾಗೆ ಬಿಳಚಿಕೊಂಡು ನಿಂತಿವೆ, ಅದರ ನೆತ್ತಿ ಮೇಲೆ ಸಾಲಾಗಿ ಹತ್ತಿ ಉಂಡೆಯಂಥ ಮೋಡ. ಪ್ರತಿ ಮೋಡದ ಕೆಳಗೂ ಒಂದೊಂದು ಥರ್ಮಲ್ ಅಂತ ಅರ್ಥ. ಅಲ್ಲಿಗೆ ಮುಟ್ಟಿದ್ರೆ ಸಾಕು, ಹೆದ್ದಾರಿ! ಮಧ್ಯೆ ಇದ್ದಿದ್ದು ಒಂದು ನೀಲಿ ತೂತು. ಮೋಡ ಇಲ್ಲದ ಮೂವತ್ತು ನಲವತ್ತು ಮೈಲಿ.

"ಈಗ ಎಲ್ಲಿ ಇಳೀತೀಯಾ?"

"ಲೀ ವೈನಿಂಗ್" ಅಂದೆ. ಸರೋವರದ ಆಚೆ ದಡದ ರನ್‌ವೇ. ಬೇಕಾದಷ್ಟು ಎತ್ತರ ಇತ್ತು. ಹೋಗೋಣ ಅಂದೆ. ತಾತ ಹೂಂ ಅಂದ್ರು.

ಸರೋವರ ಹಿಂದಾಗಿ ಹತ್ತು ನಿಮಿಷ ಆಗಿರಬಹುದು, ವೇರಿಯೋಮೀಟರ್ ಅಳೋಕೆ ಶುರು ಮಾಡ್ತು. ಪರವಾಗಿಲ್ಲ, ದಾಟಿಬಿಡ್ತೀವಿ ಅಂದ್ಕೊಂಡೆ. ನಿಲ್ಲಿಸಲಿಲ್ಲ. ಮುಳ್ಳು ಕೆಳಗೆ ಹೋಗಿ ನಿಮಿಷಕ್ಕೆ ಸಾವಿರ ಅಡಿ ಇಳಿತ ತೋರಿಸ್ತು. ಇಲ್ಲಿ ಒಂದು ಸಣ್ಣ ಲೆಕ್ಕ ಹೇಳ್ಬೇಕು. 45ಕ್ಕೆ 1 ಅಂದ್ನಲ್ಲ, ಆ ಲೆಕ್ಕದಲ್ಲಿ ಸಾವಿರ ಅಡಿಗೆ ಎಂಟೂವರೆ ಮೈಲಿ ಸಿಗಬೇಕು. ಆದ್ರೆ ಗಂಟೆಗೆ 80 ಮೈಲಿ ವೇಗದಲ್ಲಿ, ನಿಮಿಷಕ್ಕೆ ಸಾವಿರ ಅಡಿ ಬೀಳ್ತಾ ಇದ್ರೆ, ಸಾವಿರ ಅಡಿಗೆ ಸಿಗೋದು ಒಂದೂ ಕಾಲು ಮೈಲಿ ಚಿಲ್ಲರೆ. ಪುಸ್ತಕದಲ್ಲಿರೋ ವಿಮಾನ ಬೇರೆ, ಇಳಿಯೋ ಗಾಳಿಯಲ್ಲಿರೋ ವಿಮಾನ ಬೇರೆ. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದ್ರೂ ಮೂತಿ ಆ ಬಿಳೀ ಬೆಟ್ಟದ ಕಡೆಗೇ ಇಟ್ಕೊಂಡಿದ್ದೆ. ಮೋಡದ ಸಾಲು ಅಲ್ಲೇ ಇದೆಯಲ್ಲ, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ...

"ಈಗ ಎಲ್ಲಿ ಇಳೀತೀಯಾ?"

11,000 ಅಡಿ. ಲೀ ವೈನಿಂಗ್ ಹಿಂದೆ 22 ಮೈಲಿ, ಅದರ ನೆಲವೇ 6,802 ಅಡಿ. ಇಳಿಯೋಕೆ ಸುತ್ತು ಹಾಕಲಿಕ್ಕೆ ಸಾವಿರ ಅಡಿ ತೆಗೆದಿಟ್ರೆ ಕೈಯಲ್ಲಿರೋದು ಮೂರು ಸಾವಿರ ಚಿಲ್ಲರೆ. ಗಾಳಿ ನಿಶ್ಚಲ ಇದ್ರೆ ಮುಟ್ಟಬಹುದು. ನಿಶ್ಚಲ ಇಲ್ವಲ್ಲ, ನಾವು ಈಗಷ್ಟೇ ಬಂದ ದಾರಿ ಪೂರ್ತಿ ಕೆಳಗೆ ತಳ್ಳೋ ಗಾಳಿ. ಮುಂದೆ ಬಿಷಪ್? ನಲವತ್ತಕ್ಕೂ ಹೆಚ್ಚು ಮೈಲಿ, ಮಧ್ಯೆ ಬೆಟ್ಟ. ಕೆಳಗೆ ನೋಡಿದೆ. ಕುರುಚಲು, ಬಂಡೆ, ಒಂದು ಮಣ್ಣು ರಸ್ತೆ.

ಎರಡು ವರ್ಷದಲ್ಲಿ ಮೊದಲ ಸಲ ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಗಂಟಲು ಒಣಗಿತ್ತು. ಆಕ್ಸಿಜನ್‌ನಿಂದ ಅಂತ ಹೇಳ್ಕೊಳ್ಳಬಹುದು, ಅಲ್ಲ.

ತಾತ ಬೈಯಲಿಲ್ಲ. "ಎಡಕ್ಕೆ ಆ ಬೋಳು ಗುಡ್ಡ ನೋಡು, ಮಧ್ಯಾಹ್ನದಿಂದ ಬಿಸಿಲಿಗೆ ಮುಖ ಕೊಟ್ಟು ನಿಂತಿದೆ. ಅಲ್ಲಿಗೆ ಹೋಗು. ಅಲ್ಲೂ ಸಿಗದಿದ್ರೆ ಆ ಮಣ್ಣು ರಸ್ತೆ" ಅಂದ್ರು. ದನಿ ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳೋ ಹಾಗೆ. ತಿರುಗಿಸಿದೆ. ಗುಡ್ಡದ ಮೇಲೆ ಬರೋ ಹೊತ್ತಿಗೆ ಇನ್ನೂ ಆರುನೂರು ಅಡಿ ಹೋಗಿತ್ತು. ಬಂಡೆ ಮೇಲಿನ ಬಿರುಕುಗಳು ಕಾಣ್ತಾ ಇದ್ವು. ಎಡರೆಕ್ಕೆ ಮೆಲ್ಲಗೆ ಎತ್ತಿದ ಹಾಗಾಯ್ತು, ಯಾರೋ ಕೆಳಗಿಂದ ಭುಜ ಕೊಟ್ಟ ಹಾಗೆ. "ಈಗ!" ಅಂದ್ರು ತಾತ. ಆ ಕಡೆಗೇ ವಾಲಿಸಿದೆ. ಬೀಪ್... ಬೀಪ್... ಅರ್ಧ ಸುತ್ತು ಚಿಲಿಪಿಲಿ, ಅರ್ಧ ಸುತ್ತು ಅಳು. ಸ್ವಲ್ಪ ಜರುಗಿಸಿದೆ. ನಾಲ್ಕನೇ ಸುತ್ತಿಗೆ ಪೂರ್ತಿ ಚಿಲಿಪಿಲಿ. ಜೊತೆಗೆ ಒಂದು ಗಿಡುಗ ಕೂಡ ಇತ್ತು, ನಮಗಿಂತ ಸ್ವಲ್ಪ ಮೇಲೆ, ನಮ್ಮನ್ನ ಕ್ಯಾರೇ ಅನ್ನದೆ. ಅಜ್ಜ ನೆನಪಾದ್ರು.

14,000ಕ್ಕೆ ಬರೋಕೆ ಇಪ್ಪತ್ತು ನಿಮಿಷ ಆಯ್ತು. ಅಲ್ಲಿಂದ ವೈಟ್ ಮೌಂಟನ್ ಇನ್ನೂ ಹತ್ರ ಕಾಣ್ತಿತ್ತು. ನಾನು ತಾತನ ಮಾತಿಗೆ ಕಾಯ್ದೆ. ಅವರು ಏನೂ ಹೇಳಲಿಲ್ಲ. ಹಿಂದಿನ ಸೀಟಿನ ಮೌನ ಬಹಳ ಹೊತ್ತು. ನಾನೇ ಮೂತಿ ತಿರುಗಿಸಿದೆ, ಮನೆ ಕಡೆಗೆ. ಹೂಂ ಅಂದ್ರು.

ಆಫೀಸಲ್ಲಿ ಶುಕ್ರವಾರ ಸಂಜೆ ಹೊಸ ಕೋಡ್ ಪ್ರೊಡಕ್ಷನ್‌ಗೆ ಹಾಕಬೇಡಿ, ಹಾಕಿದ್ರೆ ಹಿಂದೆ ಬರೋ ದಾರಿ ಇಟ್ಕೊಂಡು ಹಾಕಿ ಅಂತ ಹೊಸ ಹುಡುಗರಿಗೆ ಉಪದೇಶ ಮಾಡೋನು ನಾನೇ. ಅದು ನೆನಪಾಗಿ ನಾಚಿಕೆ ಆಯ್ತು.

ಮನೆ ದಾರಿಯೂ ಸಲೀಸಿರಲಿಲ್ಲ ಅನ್ನಿ. ಬೋಡಿ ಗುಡ್ಡಕ್ಕೆ ಬರೋ ಹೊತ್ತಿಗೆ ಸ್ವೀಟ್‌ವಾಟರ್ ಮೇಲಿನ ಚಂದದ ಹತ್ತಿ ಉಂಡೆಗಳೆಲ್ಲ ಸೇರಿ ಕಪ್ಪಾಗಿ ದೊಡ್ಡ ಗುಡುಗಿನ ಮೋಡ ಆಗಿತ್ತು. ಕೆಳಗೆ ಮಳೆಯ ಪರದೆ, ಅರ್ಧ ದಾರಿಯಲ್ಲೇ ಆರಿಹೋಗೋ ಮಳೆ. ಅದರ ಆಚೆ ಮಿಂಡೆನ್. ಮಿಂಚಿತು ಒಂದು ಸಲ. ಈ ಸಲ ತಾತ ಕೇಳೋ ಮುಂಚೆ ನಾನೇ ಹೇಳಿದೆ, "ಬ್ರಿಡ್ಜ್‌ಪೋರ್ಟ್, 12 ಮೈಲಿ, ಈಗಲೇ, ಮೋಡದ ಗಾಳಿ ಅಲ್ಲಿಗೆ ಬರೋ ಮುಂಚೆ." ರೇಡಿಯೋದಲ್ಲಿ ಹೇಳಿದ್ವಿ, ಯಾರೂ ಇರಲಿಲ್ಲ. ಐದೂ ಹತ್ತಕ್ಕೆ ಚಕ್ರ ನೆಲ ಮುಟ್ತು. ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿರೋ ರನ್‌ವೇ. ಕಾಲು ಗಂಟೆಯಲ್ಲಿ ಗಾಳಿ ಎಷ್ಟು ಬೀಸ್ತು ಅಂದ್ರೆ ಇಬ್ಬರೂ ಒಂದೊಂದು ರೆಕ್ಕೆ ಮೇಲೆ ಭಾರ ಹಾಕಿ ನಿಲ್ಲಬೇಕಾಯ್ತು.

ಮಿಂಡೆನ್‌ಗೆ ಫೋನ್ ಮಾಡಿದ್ವಿ. ಇಳಿದ ಗ್ಲೈಡರ್ ತರೋಕೆ ಮೂವತ್ತು ಅಡಿ ಉದ್ದದ ಟ್ರೇಲರ್ ಬೇಕು, ಎಳೆಯೋಕೆ ಪಿಕಪ್ ಬೇಕು. ತಾತನ ಗೆಳೆಯರೊಬ್ಬರು ಹೊರಟ್ರು, ಜೊತೆಗೆ ನಮ್ಮ ಹಾಸನದವ. ಅವನು ಬಂದಾಗ ಎಂಟು ಗಂಟೆ. ಇಳಿದವನೇ "ವಿಮಾನದಲ್ಲಿ ಹೋದವರನ್ನ ಲಾರಿಯಲ್ಲಿ ತರೋ ಆಟ ಎಂಥ ಆಟನೋ ಇದು?" ಅಂದ. ರೆಕ್ಕೆ ಕಳಚಿ, ಒರೆಸಿ, ಟ್ರೇಲರ್‌ಗೆ ತುಂಬಿ ಆದ್ಮೇಲೆ ಪಿಕಪ್ ಬಾಗಿಲ ಮೇಲೆ ಡಬ್ಬಿ ಇಟ್ಕೊಂಡು ಪುಳಿಯೋಗರೆ ತಿಂದ್ವಿ. ತಾತ ಎರಡು ಸಲ ಹಾಕಿಸ್ಕೊಂಡ್ರು. ಒಣಮೆಣಸಿನಕಾಯಿ ಪಕ್ಕಕ್ಕಿಡಿ ಅಂತ ಹೇಳೋಕೆ ಮರೆತಿದ್ದೆ.

ಕೂತು ಕಾಯ್ತಾ ಇದ್ದಾಗ ಅಮ್ಮನ ಫೋನ್ ಬಂತು. ಅವರಿಗೆ ಅಲ್ಲಿ ಭಾನುವಾರ ಬೆಳಗ್ಗೆ. ವಿಡಿಯೋದಲ್ಲಿ ನನ್ನ ಹಿಂದೆ ರೆಕ್ಕೆ ಕಾಣ್ತಿತ್ತು.

"ಎಂಥದಾ ಅದು ಹಿಂದೆ ಬೆಳ್ಳಗೆ?"

ಹೇಳಿದೆ. ಎಲ್ಲಾ ಹೇಳಿದೆ, ಉತ್ತರ ಬರದೇ ಹೋದದ್ದನ್ನೂ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ "ಆ ಹಿಂದೆ ಕೂತ ಅಜ್ಜನಿಗೆ ಎಷ್ಟು ವರ್ಷ?" ಅಂದ್ರು. ಹೇಳಿದೆ. "ಅವರಿಲ್ದೆ ಒಬ್ಬನೇ ಹೋಗ್ಬೇಡ, ಹೇಳಿಬಿಟ್ಟೀನಿ." ಬೇಡ ಅನ್ನಲಿಲ್ಲ, ಗಮನಿಸಿ!

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ನೋಡೋಣ ಅಂದಿದ್ದಾರೆ ತಾತ. ಒಂದು ಷರತ್ತು: ದಾರಿಯಲ್ಲಿರೋ ಇಳಿಯೋ ಜಾಗಗಳ ಎತ್ತರ ಎಲ್ಲ ಕಂಪ್ಯೂಟರ್ ನೋಡದೆ ಬಾಯಿಗೆ ಬರಬೇಕು. ಬ್ರಿಡ್ಜ್‌ಪೋರ್ಟ್ 6,472. ಲೀ ವೈನಿಂಗ್ 6,802. ಮ್ಯಾಮತ್ 7,135. ಬಿಷಪ್ 4,124. ಮಗ್ಗಿ ಥರ ಬೆಳಗ್ಗೆ ಹಲ್ಲುಜ್ಜುವಾಗ ಹೇಳ್ಕೊಳ್ತಾ ಇದ್ದೀನಿ. ಹಾಸನದವನಿಗೆ ನನಗಿಂತ ಮುಂಚೆ ಬಾಯಿಪಾಠ ಆಗಿದೆ.